ಲೆಕ್ಕವನ್ನು ಮತ್ತೊಮ್ಮೆ ಮಾಡಿದವರು

1858ರ ಜೂನ್ 16ರಂದು ಲಂಡನ್ನಿನ ವೈದ್ಯ ಜಾನ್ ಸ್ನೋ ತೀರಿಕೊಂಡಾಗ ಅವರಿಗೆ 45 ವರ್ಷ. ಆ ಕಾಲದ ಪ್ರಭಾವಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಅವರ ಸಾವಿನ ಸುದ್ದಿಯನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿತು. ಕ್ಲೋರೋಫಾರ್ಮ್ ಮತ್ತು ಇತರ ಅರಿವಳಿಕೆಗಳ ಕುರಿತ ಅವರ ಕೆಲಸದ ಪ್ರಸ್ತಾಪ ಅದರಲ್ಲಿತ್ತು, ಕಾಲರಾದ ಮಾತೇ ಇರಲಿಲ್ಲ. ಕೊಳಕು ನೀರಿನಿಂದಲೇ ಕಾಲರಾ ಹರಡುತ್ತದೆ ಎಂದು ಮನೆಮನೆ ತಿರುಗಿ ತೋರಿಸಿಕೊಟ್ಟ ಮನುಷ್ಯನ ಬಗ್ಗೆ ಬರೆದ ಸುದ್ದಿ ಅದು. ಪತ್ರಿಕೆ ಆ ಲೋಪವನ್ನು ತಿದ್ದಿಕೊಂಡದ್ದು 2013ರಲ್ಲಿ, 155 ವರ್ಷಗಳ ನಂತರ. ಈ ಪ್ರಸಂಗವನ್ನು ಸಾಮಾನ್ಯವಾಗಿ ಹಟಮಾರಿ ಹಿರಿಯರು ಒಬ್ಬ ಪ್ರತಿಭಾವಂತನನ್ನು ತುಳಿದ ಕಥೆಯಾಗಿ ಹೇಳುತ್ತಾರೆ. ಹಾಗೆ ಹೇಳಿದರೆ ಅದರ ತಿರುಳೇ ಕೈತಪ್ಪುತ್ತದೆ. ಸ್ನೋ ಅವರನ್ನು ಒಪ್ಪದವರು ದಡ್ಡರಲ್ಲ, ದುಷ್ಟರೂ ಅಲ್ಲ. ಅವರು ಆ ಕಾಲದ ಮೇಲ್ಪಂಕ್ತಿಯ ವಿದ್ವಾಂಸರು. ಸಂಶೋಧನೆಯನ್ನು ಓದಿದರು, ಯೋಚಿಸಿದರು, ತಮ್ಮ ತಿಳಿವಳಿಕೆಗೆ ತಕ್ಕಂತೆ ತೀರ್ಪು ಕೊಟ್ಟರು. ತೀರ್ಪು ತಪ್ಪಾಯಿತು. ಅದು ಏಕೆ ತಪ್ಪಾಯಿತು, ಕೊನೆಗೆ ಯಾರು ಹೇಗೆ ಸರಿಪಡಿಸಿದರು ಎಂಬುದನ್ನು ನಾವು ಇಂದು ಗಮನವಿಟ್ಟು ನೋಡಬೇಕಿದೆ. ಏಕೆಂದರೆ ಔಷಧ, ಲಸಿಕೆ, ಆಹಾರ ಯಾವುದರ ಸುದ್ದಿಯೇ ಇರಲಿ, ‘ಪೀರ್ ರಿವ್ಯೂ ಆದ ಪತ್ರಿಕೆಯಲ್ಲಿ ಪ್ರಕಟವಾಗಿದೆ’ ಎಂದೊಡನೆ ವಾದ ಮುಗಿಯಿತು ಎಂದು ನಾವು ಭಾವಿಸುತ್ತಿದ್ದೇವೆ. ಅದೇ ಕ್ಷೇತ್ರದ ಇಬ್ಬರು ಮೂವರು ತಜ್ಞರು ಒಂದು ಪ್ರಬಂಧವನ್ನು ಓದಿ ಅಡ್ಡಿಯಿಲ್ಲ ಎಂದಿದ್ದಾರೆ ಎಂಬುದು ಒಂದು ಸಂಗತಿ. ಅದರಲ್ಲಿ ಹೇಳಿರುವುದನ್ನು ಬೇರೆಯವರು ಮತ್ತೆ ಮಾಡಿ ನೋಡಿದ್ದಾರೆ ಎಂಬುದು ಬೇರೆಯೇ ಸಂಗತಿ. ಮೊದಲನೆಯದನ್ನು ಎರಡನೆಯದೆಂದು ಎಣಿಸುವುದರಿಂದ ಜೀವಗಳು ಹೋಗುತ್ತವೆ ಎಂಬುದಕ್ಕೆ ಹತ್ತೊಂಬತ್ತನೇ ಶತಮಾನದ ಕಾಲರಾಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆ ಶತಮಾನದಲ್ಲಿ ಪರಿಶೀಲನೆ ಎಂಬುದು ಇರಲೇ ಇಲ್ಲ ಎಂದು ಕೆಲವರು ತಿಳಿದಿದ್ದಾರೆ. ಇತ್ತು, ಆದರೆ ಇಂದಿನ ರೂಪದಲ್ಲಿ ಅಲ್ಲ. ಲಂಡನ್ನಿನ ರಾಯಲ್ ಸೊಸೈಟಿ ತನ್ನ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಗೆ ಬರುವ ಪ್ರಬಂಧಗಳ ಮೇಲೆ ಲಿಖಿತ ವರದಿ ತರಿಸುವ ಪದ್ಧತಿಯನ್ನು 1830ರ ದಶಕದ ಆರಂಭದಲ್ಲಿ ಶುರುಮಾಡಿತು. ಅದನ್ನು ಸೂಚಿಸಿದವರು ವಿಲಿಯಂ ಹ್ಯೂವೆಲ್. ಅವರ ಮೂಲ ಆಸೆ ಏನಿತ್ತೆಂದರೆ, ಆ ವರದಿಗಳೂ ಅಚ್ಚಾಗಬೇಕು, ಪ್ರಬಂಧದ ಬಗ್ಗೆ ತಜ್ಞರು ಏನು ಹೇಳಿದರೆಂಬುದು ಎಲ್ಲರಿಗೂ ತಿಳಿಯಬೇಕು. ಮೊದಲ ಪ್ರಬಂಧದ ವಿಚಾರದಲ್ಲೇ ಹ್ಯೂವೆಲ್ ಮತ್ತು ಜೊತೆಯ ಪರಿಶೀಲಕ ಜಾನ್ ಲಬಕ್ ಅವರ ನಡುವೆ ಒಮ್ಮತ ಮೂಡಲಿಲ್ಲ. ಕೆಲವೇ ವರ್ಷಗಳಲ್ಲಿ ವರದಿಗಳು ಕಪಾಟು ಸೇರಿ ಗುಟ್ಟಾದವು. ವೈದ್ಯಕೀಯ ವಾರಪತ್ರಿಕೆಗಳ ದಾರಿಯೇ ಬೇರೆ. 1823ರಲ್ಲಿ ಥಾಮಸ್ ವೇಕ್ಲಿ ಶುರುಮಾಡಿದ ಲ್ಯಾನ್ಸೆಟ್‌ನಲ್ಲಿ ಯಾವುದು ಅಚ್ಚಾಗಬೇಕು, ಯಾವುದು ಕಸದ ಬುಟ್ಟಿಗೆ ಎಂಬುದು ಸಂಪಾದಕರ ನಿರ್ಧಾರ. ಪರಿಶೀಲನೆ ನಡೆಯುತ್ತಿದ್ದದ್ದು ಪ್ರಕಟವಾದ ಮೇಲೆ: ವೈದ್ಯರ ಸಂಘಗಳ ಸಂಜೆಯ ಸಭೆಗಳಲ್ಲಿ, ಓದುಗರ ಪತ್ರಗಳಲ್ಲಿ, ದೀರ್ಘ ವಿಮರ್ಶೆಗಳಲ್ಲಿ, ಮತ್ತು ಸರ್ಕಾರ ನೇಮಿಸಿದ ತಜ್ಞರ ಸಮಿತಿಗಳಲ್ಲಿ. ಸ್ನೋ ಅವರ ಕೆಲಸ ಈ ಎಲ್ಲ ಕಟ್ಟೆಗಳನ್ನೂ ಹತ್ತಿಳಿಯಿತು.

ಆ ಕೆಲಸ ಏನೆಂದು ಸ್ವಲ್ಪ ವಿವರವಾಗಿಯೇ ನೋಡಬೇಕು. ಕೊಳೆತ ವಸ್ತುವಿನಿಂದ ಏಳುವ ಕೆಟ್ಟ ಗಾಳಿಯೇ ಕಾಲರಾಕ್ಕೆ ಕಾರಣ ಎಂಬುದು ಅಂದಿನ ಬಹುಪಾಲು ವೈದ್ಯರ ನಂಬಿಕೆ. ರೋಗ ಶುರುವಾಗುವುದು ಕರುಳಿನಲ್ಲಿ, ಹಾಗಾದರೆ ವಿಷ ಒಳಗೆ ಹೋಗುವುದು ಬಾಯಿಯಿಂದಲೇ ಇರಬೇಕು, ರೋಗಿಯ ಮಲದಿಂದ ಕುಡಿಯುವ ನೀರಿಗೆ ಅದು ಸೇರುತ್ತಿರಬೇಕು ಎಂದು ಸ್ನೋ 1849ರಲ್ಲಿ ಒಂದು ಕಿರುಹೊತ್ತಗೆಯಲ್ಲಿ ವಾದಿಸಿದರು. ಅದು ತರ್ಕವಷ್ಟೇ ಆಗಿತ್ತು. ಪುರಾವೆಗೆ ಅವಕಾಶ ಸಿಕ್ಕಿದ್ದು 1854ರಲ್ಲಿ. ಥೇಮ್ಸ್ ನದಿಯ ದಕ್ಷಿಣದ ಬಡಾವಣೆಗಳಿಗೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಸದರ್ಕ್ ಅಂಡ್ ವಾಕ್ಸಾಲ್ ಕಂಪನಿ ನಗರದ ಹೊಲಸೆಲ್ಲ ಬಂದು ಸೇರುವ ಬ್ಯಾಟರ್‌ಸಿಯಲ್ಲಿ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ಸ್ಥಾವರವನ್ನು ನದಿಯ ಮೇಲ್ಭಾಗದ ಥೇಮ್ಸ್ ಡಿಟನ್‌ಗೆ ಸಾಗಿಸಿತ್ತು. ಎಷ್ಟೋ ಬೀದಿಗಳಲ್ಲಿ ಎರಡೂ ಕಂಪನಿಯ ಕೊಳವೆಗಳು ಅಕ್ಕಪಕ್ಕದಲ್ಲೇ ಹಾದುಹೋಗಿದ್ದವು. ಒಂದು ಮನೆಗೆ ಇದು, ಪಕ್ಕದ ಮನೆಗೆ ಅದು. ಗಾಳಿ ಒಂದೇ, ಬೀದಿ ಒಂದೇ, ಬಡವ ಬಲ್ಲಿದರು ಎರಡೂ ಕಡೆ. ನೀರೊಂದು ಮಾತ್ರ ಬೇರೆ. ಸತ್ತವರ ವಿಳಾಸಗಳನ್ನು ರಿಜಿಸ್ಟ್ರಾರ್ ಜನರಲ್ ಕಚೇರಿಯಿಂದ ಪಡೆದು, ಒಬ್ಬ ಸಹಾಯಕ ವೈದ್ಯನನ್ನು ಜೊತೆಗಿಟ್ಟುಕೊಂಡು, ಸ್ನೋ ಒಂದೊಂದೇ ಮನೆಗೆ ಹೋಗಿ ಯಾವ ಕಂಪನಿಯ ನೀರು ಎಂದು ಕೇಳಿದರು. ಬಾಡಿಗೆಗಿದ್ದವರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇರಲಿಲ್ಲ. ಆಗ ಆ ಮನೆಯ ನೀರನ್ನೇ ಸೀಸೆಯಲ್ಲಿ ತುಂಬಿಕೊಂಡು ಬಂದು, ಸಿಲ್ವರ್ ನೈಟ್ರೇಟ್ ಬೆರೆಸಿ ಉಪ್ಪಿನಂಶ ನೋಡಿದರು. ಬ್ಯಾಟರ್‌ಸಿಯ ನೀರಿನಲ್ಲಿ ಅದು ಸುಮಾರು 40 ಪಟ್ಟು ಹೆಚ್ಚಿರುತ್ತಿತ್ತು. ಮೊದಲ ನಾಲ್ಕು ವಾರಗಳ 334 ಸಾವುಗಳಲ್ಲಿ 286 ಸದರ್ಕ್ ಕಂಪನಿಯ ನೀರಿನ ಮನೆಗಳಲ್ಲಿ, 14 ಮಾತ್ರ ಲ್ಯಾಂಬೆತ್ ಮನೆಗಳಲ್ಲಿ ಆಗಿದ್ದವು. ಏಳು ವಾರಗಳ ಲೆಕ್ಕ ಹಿಡಿದರೆ ಪ್ರತಿ 10,000 ಮನೆಗಳಿಗೆ ಮೊದಲನೆಯದರಲ್ಲಿ 315 ಸಾವು, ಎರಡನೆಯದರಲ್ಲಿ 37. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಬ್ರಾಡ್ ಸ್ಟ್ರೀಟ್‌ನ ಸುತ್ತ ಭುಗಿಲೆದ್ದ ಕಾಲರಾ, ಅದಕ್ಕೆ ಮೂಲವೆಂದು ಸ್ನೋ ಗುರುತಿಸಿದ ಅಲ್ಲಿನ ಕೈಪಂಪು, ಸೆಪ್ಟೆಂಬರ್ 8ರಂದು ಕಳಚಿದ ಅದರ ಹಿಡಿಕೆ, ಇವೆಲ್ಲ ಹೆಚ್ಚು ಪ್ರಸಿದ್ಧ. ಆದರೆ ಪುರಾವೆಯ ತೂಕ ಇರುವುದು ದಕ್ಷಿಣ ಲಂಡನ್ನಿನ ಈ ನೀರಸ ಪಟ್ಟಿಗಳಲ್ಲಿ.

ಈ ಪುರಾವೆಯನ್ನು ಅಳೆಯಬೇಕಾದವರು ಸರ್ಕಾರದ ಆರೋಗ್ಯ ಮಂಡಳಿ ನೇಮಿಸಿದ ವೈಜ್ಞಾನಿಕ ವಿಚಾರಣಾ ಸಮಿತಿಯವರು. ನೀಲ್ ಅರ್ನಾಟ್, ವಿಲಿಯಂ ಬಾಲಿ, ವಿಲಿಯಂ ಫಾರ್, ರಿಚರ್ಡ್ ಓವನ್, ಜಾನ್ ಸೈಮನ್. ಇವರಿಗಿಂತ ಅರ್ಹರನ್ನು ಅಂದಿನ ಇಂಗ್ಲೆಂಡಿನಲ್ಲಿ ಹುಡುಕುವುದು ಕಷ್ಟವಿತ್ತು. ಓವನ್ ಪ್ರಾಣಿಶಾಸ್ತ್ರದ ದಿಗ್ಗಜ, ಫಾರ್ ಸಾವಿನ ಅಂಕಿಅಂಶಗಳನ್ನು ಒಂದು ಶಾಸ್ತ್ರವಾಗಿಸಿದವರು. ಸಮಿತಿಯ 1855ರ ವರದಿಯಲ್ಲಿ ಗಾಳಿಯ ಒತ್ತಡ, ಉಷ್ಣತೆ, ಓಜೋನ್ ಪ್ರಮಾಣಗಳ ಪುಟಗಟ್ಟಲೆ ಕೋಷ್ಟಕಗಳಿವೆ. ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಆರ್ಥರ್ ಹಿಲ್ ಹ್ಯಾಸಲ್ ಅವರ ಚಿತ್ರಗಳೂ ಇವೆ. ಶ್ರಮಕ್ಕೆ ಕೊರತೆಯಿಲ್ಲ. ಆದರೆ ಬ್ರಾಡ್ ಸ್ಟ್ರೀಟ್ ಪಂಪಿನ ವಿಚಾರ ಬಂದಾಗ ಸ್ನೋ ಅವರ ನಂಬಿಕೆಯನ್ನು ಒಪ್ಪಲು ಕಾರಣ ಕಾಣುವುದಿಲ್ಲ ಎಂಬರ್ಥದ ಮಾತಿನಲ್ಲಿ ಅದನ್ನು ಬದಿಗಿಟ್ಟರು. ಯಾವ ಪ್ರಶ್ನೆ ಕೇಳಬೇಕೆಂಬುದನ್ನೇ ಅವರ ಸಿದ್ಧಾಂತ ಮೊದಲೇ ತೀರ್ಮಾನಿಸಿತ್ತು ಎಂಬುದು ನನ್ನ ಅಭಿಪ್ರಾಯ. ಕಾಲರಾ ಗಾಳಿಯಲ್ಲಿದೆ ಎಂದು ನಂಬಿದವರು ಗಾಳಿಯನ್ನು ಅಳೆದರು, ಬಹಳ ನಿಖರವಾಗಿ ಅಳೆದರು. ಬೀದಿಯ ಬಾಗಿಲು ತಟ್ಟಿ, ಯಾರು ಯಾವ ನೀರು ಕುಡಿದರು ಎಂದು ಕೇಳಿ, ಸ್ನೋ ಅವರ ಪಟ್ಟಿ ನಿಜವೋ ಸುಳ್ಳೋ ಎಂದು ನೋಡುವ ಕೆಲಸ ಅವರ ಕಣ್ಣಿಗೆ ಬೀಳಲಿಲ್ಲ.

ಆ ತೀರ್ಪನ್ನು ಬರೀ ಹಟ ಎಂದು ತಳ್ಳಿಹಾಕುವಂತಿಲ್ಲ ಎಂಬ ಆಕ್ಷೇಪವನ್ನು ಇಲ್ಲೇ ಎದುರಿಸಬೇಕು, ಏಕೆಂದರೆ ಅದರಲ್ಲಿ ಸತ್ಯವಿದೆ. ಸ್ನೋ ಅವರ ಪುಸ್ತಕದ ಎರಡನೇ ಆವೃತ್ತಿಯನ್ನು 1855ರಲ್ಲಿ ವಿಸ್ತಾರವಾಗಿ ವಿಮರ್ಶಿಸಿದವರು ಎಡ್ಮಂಡ್ ಪಾರ್ಕ್ಸ್. ಸೇನಾ ವೈದ್ಯರಾಗಿ ಮದ್ರಾಸಿನಲ್ಲೂ ಬರ್ಮಾದ ಮೌಲ್ಮೇನ್‌ನಲ್ಲೂ ಕಾಲರಾ ರೋಗಿಗಳ ಮಗ್ಗುಲಲ್ಲಿ ನಿಂತು ಕಲಿತ ಮನುಷ್ಯ. ಬ್ರಾಡ್ ಸ್ಟ್ರೀಟಿನ ಬಡಾವಣೆಯಲ್ಲಿ ಪಂಪುಗಳೇ ಅಷ್ಟೊಂದಿವೆ, ರೋಗ ಎಲ್ಲಿ ಹುಟ್ಟಿದರೂ ಹತ್ತಿರ ಒಂದು ಪಂಪು ಸಿಕ್ಕೇ ಸಿಗುತ್ತಿತ್ತು ಎಂದು ಅವರು ಆಕ್ಷೇಪಿಸಿದರು. ಪಂಪಿನ ನೀರು ಕುಡಿದೂ ಆರೋಗ್ಯವಾಗಿದ್ದವರ ಲೆಕ್ಕ ಎಲ್ಲಿ ಎಂಬ ಪ್ರಶ್ನೆಯೂ ಉಳಿದಿತ್ತು. ಕಾಲರಾದ ಸೂಕ್ಷ್ಮಜೀವಿಯನ್ನು ಸ್ನೋ ತೋರಿಸಿರಲಿಲ್ಲ. ಇಟಲಿಯ ಫ್ಲಾರೆನ್ಸ್‌ನಲ್ಲಿ ಫಿಲಿಪ್ಪೊ ಪಚೀನಿ 1854ರಲ್ಲೇ ಅದನ್ನು ಕಂಡು ಬರೆದಿದ್ದರೂ ಯಾರೂ ಕಿವಿಗೊಟ್ಟಿರಲಿಲ್ಲ. ಪಂಪಿನ ಹಿಡಿಕೆ ಕಳಚುವ ಹೊತ್ತಿಗೆ ರೋಗ ಆಗಲೇ ಇಳಿಮುಖವಾಗಿತ್ತು ಎಂದು ಸ್ನೋ ಅವರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಇಂದಿನ ಪರಿಶೀಲಕರೊಬ್ಬರ ಕೈಗೆ ಆ ಹಸ್ತಪ್ರತಿ ಕೊಟ್ಟರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬಂದಾವು. ಪಾರ್ಕ್ಸ್ ಕೇಳಿದ್ದು ಸರಿಯಾದ ಪ್ರಶ್ನೆಗಳನ್ನೇ. ಆದರೆ ಉತ್ತರ ಇದ್ದದ್ದು ಬ್ರಾಡ್ ಸ್ಟ್ರೀಟಿನ ಮನೆಗಳಲ್ಲಿ, ಓದುವ ಮೇಜಿನ ಮೇಲಲ್ಲ. ಅನುಮಾನ ಎಷ್ಟೇ ನ್ಯಾಯವಾಗಿದ್ದರೂ, ಅದನ್ನು ಪರೀಕ್ಷೆಯಾಗಿ ಬದಲಿಸದಿದ್ದರೆ ಹಳೆಯ ನಂಬಿಕೆಗೇ ಗೆಲುವು.

ಪರೀಕ್ಷೆಯಾಗಿ ಬದಲಿಸಿದವರು ಹೆನ್ರಿ ವೈಟ್‌ಹೆಡ್, ಬರ್ವಿಕ್ ಸ್ಟ್ರೀಟಿನ ಸೇಂಟ್ ಲೂಕ್ ಚರ್ಚಿನ ಕಿರಿಯ ಪಾದ್ರಿ. ವೈದ್ಯರಲ್ಲ. ಸತ್ತವರಲ್ಲಿ ಎಷ್ಟೋ ಮಂದಿ ಅವರಿಗೆ ಗುರುತಿದ್ದವರು. ಪಂಪಿನ ನೀರೇ ಕಾರಣ ಎಂಬುದನ್ನು ಅವರು ನಂಬಿರಲಿಲ್ಲ, ಅದನ್ನು ಸುಳ್ಳೆಂದು ತೋರಿಸುವ ಉದ್ದೇಶದಿಂದಲೇ ಹೊರಟರು. ಚರ್ಚಿನ ಆಡಳಿತ ವಿಭಾಗ ರಚಿಸಿದ ವಿಚಾರಣಾ ಸಮಿತಿಯಲ್ಲಿ ಸ್ನೋ ಜೊತೆ ಅವರೂ ಇದ್ದರು. ಸ್ನೋ ಅವರಿಗೆ ಸಾಧ್ಯವಾಗದ ಒಂದು ಕೆಲಸ ವೈಟ್‌ಹೆಡ್‌ರಿಂದ ಸಾಧ್ಯವಾಯಿತು. ಬದುಕುಳಿದವರನ್ನು, ಊರು ಬಿಟ್ಟುಹೋದವರನ್ನು ಹುಡುಕಿ, ಒಂದೇ ಮನೆಗೆ ಮತ್ತೆ ಮತ್ತೆ ಹೋಗಿ, ಕಾಯಿಲೆ ಬೀಳದವರೂ ಏನು ಕುಡಿದರೆಂದು ಕೇಳಿ ಬರೆದುಕೊಂಡರು. ಪಂಪಿನ ನೀರು ಕುಡಿದ 137 ಜನರಲ್ಲಿ 80 ಮಂದಿಗೆ ಕಾಲರಾ ಬಂದಿತ್ತು. ಕುಡಿಯದ 297 ಜನರಲ್ಲಿ 20 ಮಂದಿಗೆ ಮಾತ್ರ. ವಿಮರ್ಶಕರು ಕೇಳಿದ್ದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ಆಮೇಲೆ ಸಾವಿನ ದಾಖಲೆಗಳನ್ನು ತಿರುವಿಹಾಕುತ್ತಿದ್ದಾಗ ಪಂಪಿನ ಪಕ್ಕದ 40ನೇ ನಂಬರ್ ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಾಯಿಲೆ ಬಿದ್ದಿದ್ದ ಒಂದು ಹಸುಗೂಸು ಅವರ ಕಣ್ಣಿಗೆ ಬಿತ್ತು. ಮಗುವಿನ ಬಟ್ಟೆ ಒಗೆದ ನೀರನ್ನು ತಾಯಿ ಮನೆಮುಂದಿನ ಶೌಚಗುಂಡಿಗೆ ಸುರಿದಿದ್ದಳು. ಅಗೆದು ನೋಡಿದರೆ ಗುಂಡಿಯ ಇಟ್ಟಿಗೆ ಕಿತ್ತುಹೋಗಿತ್ತು, ಬಾವಿಗೂ ಅದಕ್ಕೂ ನಡುವೆ ಮೂರು ಅಡಿಯೂ ಇರಲಿಲ್ಲ. ಮಗುವಿನ ತಂದೆ ಕಾಲರಾಕ್ಕೆ ತುತ್ತಾದದ್ದು ಪಂಪಿನ ಹಿಡಿಕೆ ಕಳಚಿದ ದಿನವೇ. ಹಿಡಿಕೆ ಹಾಗೇ ಇದ್ದಿದ್ದರೆ ಬೀದಿ ಎರಡನೇ ಸಲ ಹೊತ್ತಿಕೊಳ್ಳುತ್ತಿತ್ತೋ ಏನೋ. ದೇಶದ ಐವರು ಶ್ರೇಷ್ಠ ತಜ್ಞರು ಬಿಡಿಸದ ಗಂಟನ್ನು ಮೂವತ್ತರ ಒಳಗಿನ ಒಬ್ಬ ಪಾದ್ರಿ ಬಿಡಿಸಿದ್ದು ಬುದ್ಧಿಯಲ್ಲಿ ಮಿಗಿಲೆಂಬ ಕಾರಣಕ್ಕಲ್ಲ. ಅವರು ಆ ಕೆಲಸವನ್ನು ಮೊದಲಿನಿಂದ ಮತ್ತೆ ಮಾಡಿದರು, ತಮ್ಮ ನಂಬಿಕೆಗೆ ವಿರುದ್ಧವಾಗಿ ಬಂದ ಉತ್ತರವನ್ನು ಬರೆದಿಟ್ಟರು.

ಆರೋಗ್ಯ ಮಂಡಳಿಯ ಸಮಿತಿಯಲ್ಲಿದ್ದವರೂ ಬದಲಾದರು, ಮತ್ತು ಬದಲಾದ ಬಗೆ ನನ್ನ ಮಾತಿಗೆ ಇನ್ನಷ್ಟು ಬಲ ಕೊಡುತ್ತದೆ. ದಕ್ಷಿಣ ಲಂಡನ್ನಿನ ಎರಡು ಕಂಪನಿಗಳ ಲೆಕ್ಕವನ್ನು ಜಾನ್ ಸೈಮನ್ 1856ರಲ್ಲಿ ಸರ್ಕಾರದ ಸಿಬ್ಬಂದಿಯನ್ನಿಟ್ಟುಕೊಂಡು ಸ್ವತಂತ್ರವಾಗಿ ಮತ್ತೆ ಮಾಡಿಸಿದರು. ಈ ಸಲ ಮನೆಗಳ ಬದಲು ಜನರ ಲೆಕ್ಕ: ಪ್ರತಿ ಸಾವಿರಕ್ಕೆ ಒಂದು ಕಡೆ 13 ಸಾವು, ಇನ್ನೊಂದು ಕಡೆ 3.7. ಅಂತರ ಸ್ನೋ ಹೇಳಿದಷ್ಟು ದೊಡ್ಡದಾಗಿ ಬರಲಿಲ್ಲ, ಆದರೆ ಅಲ್ಲಗಳೆಯುವಂತೆಯೂ ಇರಲಿಲ್ಲ. ಸೈಮನ್ ಆಗಲೂ ಸ್ನೋ ಅವರ ಸಿದ್ಧಾಂತವನ್ನು ಪೂರ್ತಿ ಒಪ್ಪಲಿಲ್ಲ, ಹೊಲಸು ನೀರು ಅಪಾಯ ಎಂಬಷ್ಟಕ್ಕೆ ನಿಂತರು. ಆದರೂ ಒಪ್ಪದವನ ಕೈಯಲ್ಲೂ ಲೆಕ್ಕ ಅದೇ ದಿಕ್ಕಿಗೆ ಬಂತು. ಫಾರ್ ಅವರ ತಿರುವು ಇನ್ನೂ ದೊಡ್ಡದು. ನದಿಯ ಮಟ್ಟದಿಂದ ನೆಲ ಎತ್ತರವಾದಂತೆ ಕಾಲರಾ ಕಡಿಮೆಯಾಗುತ್ತದೆ ಎಂದು ಅಂಕಿಗಳಿಂದ ನಿರೂಪಿಸಿ, ಕೆಟ್ಟ ಗಾಳಿಯ ವಾದಕ್ಕೆ ಬೆನ್ನೆಲುಬು ಕೊಟ್ಟವರೇ ಅವರು. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾ ಎದ್ದು ಸಾವಿರಾರು ಜನ ಸತ್ತಾಗ, ಅದು ಒಂದೇ ನೀರಿನ ಕಂಪನಿಯ ಸೀಮೆಯೊಳಗೆ ನಿಂತಿರುವುದು ಅವರಿಗೆ ಕಂಡಿತು. ಸೋಸದ ನೀರು ಕೊಟ್ಟೇ ಇಲ್ಲ ಎಂದು ಈಸ್ಟ್ ಲಂಡನ್ ಕಂಪನಿ ಪತ್ರಿಕೆಗಳಲ್ಲಿ ಸಾರಿತು. ಆದರೆ ಗ್ರಾಹಕರ ಮನೆಯ ಕೊಳವೆಯಲ್ಲಿ ಹಾವುಮೀನು ಸಿಕ್ಕಿತ್ತು. ಮರಳಿನ ಸೋಸುಹಾಸನ್ನು ದಾಟಿ ಹಾವುಮೀನು ಬರಲಾರದು. ಫಾರ್ ತಮ್ಮ ಹಳೆಯ ನಿಲುವನ್ನು ಬಿಟ್ಟು, ನೀರೇ ಕಾರಣವೆಂದು ಅಧಿಕೃತ ವರದಿಯಲ್ಲಿ ಬರೆದರು. ಅಷ್ಟರಲ್ಲಿ ಸ್ನೋ ಸತ್ತು ಎಂಟು ವರ್ಷವಾಗಿತ್ತು. ಫಾರ್ ಅವರ ಮನಸ್ಸು ಬದಲಿಸಿದ್ದು ಯಾವ ಸಮಿತಿಯ ಠರಾವೂ ಅಲ್ಲ. ತಾವೇ ಕಟ್ಟಿ ಬೆಳೆಸಿದ, ವಾರವಾರ ಅಚ್ಚಾಗುತ್ತಿದ್ದ, ಯಾರು ಬೇಕಾದರೂ ತೆರೆದು ನೋಡಬಹುದಾಗಿದ್ದ ಸಾವಿನ ದಾಖಲೆ. ಸ್ನೋ, ವೈಟ್‌ಹೆಡ್, ಸೈಮನ್ ಎಲ್ಲರೂ ನೀರು ಸೇದಿದ್ದು ಅದೇ ಬಾವಿಯಿಂದ.

ಇಷ್ಟಾದರೂ ಹಳೆಯ ಅಭ್ಯಾಸ ಸಾಯಲಿಲ್ಲ, ಮತ್ತು ಅದರ ಮುಂದಿನ ಬೆಲೆ ತೆತ್ತದ್ದು ನಮ್ಮ ದೇಶ. 1883ರ ಕೊನೆಗೆ ರಾಬರ್ಟ್ ಕಾಕ್ ಈಜಿಪ್ಟಿನಿಂದ ಕಲ್ಕತ್ತಕ್ಕೆ ಬಂದು, ಮುಂದಿನ ವರ್ಷದ ಆರಂಭದಲ್ಲಿ ಕಾಲರಾ ರೋಗಿಗಳ ಕರುಳಿನಲ್ಲೂ ಜನ ಬಳಸುತ್ತಿದ್ದ ಒಂದು ಕೆರೆಯ ನೀರಿನಲ್ಲೂ ಅಲ್ಪವಿರಾಮದ ಆಕಾರದ ಬ್ಯಾಕ್ಟೀರಿಯಾವನ್ನು ತೋರಿಸಿದರು. ಕಾಲರಾ ಜನರ ಜೊತೆ ಹಡಗೇರಿ ಹೋಗುತ್ತದೆ ಎಂದಾದರೆ ಭಾರತದಿಂದ ಸುಯೆಜ್ ಕಾಲುವೆಯ ಮೂಲಕ ಸಾಗುವ ಬ್ರಿಟಿಷ್ ಹಡಗುಗಳನ್ನು ತಡೆದು ನಿಲ್ಲಿಸಬೇಕು ಎಂದು ಇತರ ಯುರೋಪಿಯನ್ ದೇಶಗಳು ಪಟ್ಟು ಹಿಡಿದಿದ್ದ ಕಾಲ ಅದು. ಭಾರತ ಸರ್ಕಾರದ ನೈರ್ಮಲ್ಯ ಆಯುಕ್ತರಾಗಿದ್ದ ಜೆ. ಎಂ. ಕನಿಂಗ್‌ಹ್ಯಾಮ್ ಮನುಷ್ಯರಿಂದ ಮನುಷ್ಯರಿಗೆ ಕಾಲರಾ ಹರಡುವುದೇ ಇಲ್ಲ ಎಂಬ ನಿಲುವಿನವರು. ಬ್ರಿಟಿಷ್ ಸರ್ಕಾರ ಇಮ್ಯಾನುಯೆಲ್ ಕ್ಲೈನ್ ಮತ್ತು ಹೆನೇಜ್ ಗಿಬ್ಸ್ ಎಂಬಿಬ್ಬರನ್ನು ಕಲ್ಕತ್ತಕ್ಕೆ ಕಳಿಸಿತು. ಆ ಬ್ಯಾಕ್ಟೀರಿಯಾ ಇರುವ ಕೆರೆಯ ನೀರನ್ನು ಬಳಸಿಯೂ ಕಾಲರಾ ಬಾರದ ಜನರಿದ್ದಾರೆ ಎಂದು ಅವರು ವರದಿ ಮಾಡಿದರು. ಆ ವರದಿಯನ್ನು ಸರ್ ವಿಲಿಯಂ ಜೆನ್ನರ್ ನೇತೃತ್ವದ ಗಣ್ಯ ವೈದ್ಯರ ಸಮಿತಿ ಪರಿಶೀಲಿಸಿ ಒಪ್ಪಿತು, ಮತ್ತು 1886ರಲ್ಲಿ ಸೂಕ್ಷ್ಮದರ್ಶನ ಶಾಸ್ತ್ರದ ಒಂದು ಗೌರವಾನ್ವಿತ ತ್ರೈಮಾಸಿಕದಲ್ಲಿ ಕಾಕ್ ಸಿದ್ಧಾಂತದ ‘ಅಧಿಕೃತ ಖಂಡನೆ’ ಎಂಬ ಶೀರ್ಷಿಕೆಯಲ್ಲಿ ಅದು ಪ್ರಕಟವಾಯಿತು. ತಜ್ಞರು, ಸಮಿತಿ, ಗೌರವಾನ್ವಿತ ಪತ್ರಿಕೆ, ಮುದ್ರೆಯ ಎಲ್ಲ ಲಕ್ಷಣಗಳೂ ಅಲ್ಲಿವೆ. ಇಲ್ಲಿಯೂ ಆಕ್ಷೇಪದಲ್ಲಿ ಹುರುಳಿತ್ತು. ಪ್ರಾಣಿಗಳಲ್ಲಿ ಕಾಲರಾ ಬರಿಸಲು ಕಾಕ್ ಅವರಿಂದ ಆಗಿರಲಿಲ್ಲ. ಆ ಒಗಟನ್ನು ಬಿಡಿಸಿದವರು 1959ರಲ್ಲಿ ಅದೇ ಕಲ್ಕತ್ತದ ಶಂಭುನಾಥ್ ದೇ. ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ, ಬ್ಯಾಕ್ಟೀರಿಯಾ ಹೊರಸೂಸುವ ವಿಷವೇ ಕಾಲರಾದ ಮೂಲ ಎಂದು ಅವರು ತೋರಿಸಿದರು. ಆದರೆ ಬಿಡಿಸದ ಒಗಟೊಂದನ್ನು ಮುಂದೊಡ್ಡಿ, ನೀರನ್ನು ಶುದ್ಧಮಾಡುವ ಖರ್ಚಿನಿಂದಲೂ ಹಡಗು ತಡೆಯುವ ನಷ್ಟದಿಂದಲೂ ಸರ್ಕಾರ ನುಣುಚಿಕೊಳ್ಳಲು ಆ ತಜ್ಞರ ಮುದ್ರೆ ನೆರವಾಯಿತು. ಈ ದೇಶದಲ್ಲಿ ವರ್ಷವರ್ಷವೂ ಲಕ್ಷಗಟ್ಟಲೆ ಜನರನ್ನು ಕೊಂದ ರೋಗದ ವಿಚಾರದಲ್ಲಿ ಇದು ನಡೆಯಿತು ಎಂಬುದನ್ನು ನಾವು ಮರೆಯುವಂತಿಲ್ಲ.

ಯುರೋಪಿನಲ್ಲಿ ಈ ವಿವಾದ ಮುಗಿದದ್ದು 1892ರಲ್ಲಿ, ಮತ್ತೊಂದು ಘೋರ ಪರೀಕ್ಷೆಯಿಂದ. ಜರ್ಮನಿಯ ಹ್ಯಾಂಬರ್ಗ್ ನಗರ ಎಲ್ಬ್ ನದಿಯ ನೀರನ್ನು ಸೋಸದೆ ಕೊಡುತ್ತಿತ್ತು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಅದೇ ನದಿಯ ಕೆಳಭಾಗದಿಂದ, ಹ್ಯಾಂಬರ್ಗಿನ ಹೊಲಸೆಲ್ಲ ಸೇರಿದ ನೀರನ್ನೇ ಎತ್ತಿ ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಹ್ಯಾಂಬರ್ಗಿನಲ್ಲಿ ಸುಮಾರು 8,600 ಜನ ಸತ್ತರು. ಗಡಿಯ ಬೀದಿಯಲ್ಲಿ ಒಂದು ಮಗ್ಗುಲಿಗೆ ಕಾಲರಾ, ಇನ್ನೊಂದು ಮಗ್ಗುಲಿಗೆ ಇಲ್ಲ. ದಕ್ಷಿಣ ಲಂಡನ್ನಿನಲ್ಲಿ ಸ್ನೋ ಕಂಡದ್ದನ್ನೇ ನಲವತ್ತು ವರ್ಷಗಳ ನಂತರ ಇಡೀ ಜಗತ್ತು ಕಂಡಿತು.

ಹಾಗಾದರೆ ಪೀರ್ ರಿವ್ಯೂ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಕಾವಲಿಲ್ಲದ ಬಾಗಿಲಿನಿಂದ ಏನೇನು ಒಳಗೆ ಬರುತ್ತದೆ ಎಂಬುದಕ್ಕೂ ಅದೇ ಶತಮಾನ ಸಾಕ್ಷಿ: ಕ್ಯಾಲೊಮೆಲ್, ಅಫೀಮು, ಹರಳೆಣ್ಣೆ, ರಕ್ತ ತೆಗೆಯುವುದು, ಹೀಗೆ ಕಾಲರಾಕ್ಕೆ ಹೇಳದ ಮದ್ದಿಲ್ಲ, ಪ್ರತಿಯೊಂದಕ್ಕೂ ತಾನು ಗುಣಪಡಿಸಿದೆ ಎನ್ನುವ ವೈದ್ಯರು, ಅಚ್ಚು ಹಾಕುವ ಪತ್ರಿಕೆಗಳು ಇದ್ದವು. ಅಸಂಬದ್ಧವಾದದ್ದನ್ನು, ಲೆಕ್ಕ ಕೂಡದ್ದನ್ನು, ಹಿಂದೆಯೇ ಸುಳ್ಳಾದದ್ದನ್ನು ಪರಿಶೀಲಕ ಬಾಗಿಲಲ್ಲೇ ಹಿಡಿಯಬಲ್ಲ; ಬರವಣಿಗೆಯನ್ನು ತಿದ್ದಿಸಬಲ್ಲ, ಕೈಬಿಟ್ಟ ಪ್ರಶ್ನೆಯನ್ನು ಎತ್ತಬಲ್ಲ. ಅದೆಲ್ಲ ಬೆಲೆಯುಳ್ಳ ಕೆಲಸ, ಹೆಚ್ಚಿನವರು ಸಂಬಳವಿಲ್ಲದೆ ಮಾಡುವ ಕೆಲಸ. ನನ್ನ ತಕರಾರು ಆ ಕೆಲಸದ ಮೇಲಲ್ಲ, ಅದರ ಹೆಸರಿನಲ್ಲಿ ನಾವು ಕೊಡುತ್ತಿರುವ ಖಾತರಿಯ ಮೇಲೆ. ಮುಂದಿಟ್ಟ ಅಂಕಿಗಳು ನಿಜವಾಗಿಯೂ ಆಸ್ಪತ್ರೆಯಿಂದ ಬಂದವೇ ಎಂದು ಪ್ರಬಂಧ ಓದುವವನಿಗೆ ತಿಳಿಯುವುದಿಲ್ಲ. 2020ರ ಮೇ 22ರಂದು, ಕೋವಿಡ್ ಉಲ್ಬಣಿಸಿದ್ದಾಗ, ಅದೇ ಲ್ಯಾನ್ಸೆಟ್ ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತು ಒಂದು ಪ್ರಬಂಧ ಪ್ರಕಟಿಸಿತು. 671 ಆಸ್ಪತ್ರೆಗಳ 96,000 ರೋಗಿಗಳ ಮಾಹಿತಿ ಎಂದು ಅದರಲ್ಲಿತ್ತು. ಪರಿಶೀಲಕರು ಓದಿದ್ದರು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಔಷಧವನ್ನು ಪರೀಕ್ಷಿಸುತ್ತಿದ್ದ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮೂಲ ಮಾಹಿತಿ ತೋರಿಸಿ ಎಂದು ಹೊರಗಿನ ಸಂಶೋಧಕರು ಕೇಳಿದಾಗ ಅದನ್ನು ಒದಗಿಸಿದ ಕಂಪನಿ ಕೊಡಲಿಲ್ಲ; ಪ್ರಬಂಧದ ಸಹಲೇಖಕರೂ ಅದನ್ನು ಕಂಡಿರಲಿಲ್ಲ. ಜೂನ್ 4ಕ್ಕೆ ಪ್ರಬಂಧವನ್ನು ಹಿಂಪಡೆದರು. ಸ್ನೋ ಅವರ ವಿಚಾರದಲ್ಲಿ ಸತ್ಯ ಬಾಗಿಲಾಚೆ ಉಳಿಯಿತು, ಇಲ್ಲಿ ಸುಳ್ಳು ಒಳಗೆ ಬಂತು. ಎರಡೂ ಕಡೆ ತಪ್ಪಿದ್ದು ಒಂದೇ ಕೆಲಸ: ಮೂಲ ದಾಖಲೆಯನ್ನು ತೆರೆದು ನೋಡುವುದು.

ಸಾಂಕ್ರಾಮಿಕ ಬಂದಾಗ ಮತ್ತೆ ಮಾಡಿ ನೋಡುತ್ತಾ ಕೂರಲು ಸಮಯವೆಲ್ಲಿದೆ ಎಂಬುದು ಇನ್ನೊಂದು ಆಕ್ಷೇಪ, ಮತ್ತು ಗಂಭೀರವಾದದ್ದು. ಇದಕ್ಕೆ ಬ್ರಾಡ್ ಸ್ಟ್ರೀಟಿನ ಸ್ಥಳೀಯ ಆಡಳಿತಗಾರರೇ ಉತ್ತರ ಕೊಟ್ಟಿದ್ದಾರೆ. ಅವರಿಗೆ ಸ್ನೋ ಅವರ ಮಾತಿನಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ. ಆದರೂ ಪಂಪಿನ ಹಿಡಿಕೆ ತೆಗೆಸಿದರು, ಏಕೆಂದರೆ ಅದರಿಂದ ಆಗುವ ನಷ್ಟ ಅಲ್ಪ, ತಪ್ಪಾಗಿದ್ದರೆ ಮರುದಿನ ಮತ್ತೆ ಜೋಡಿಸಬಹುದು. ತುರ್ತಿನ ನಿರ್ಧಾರಕ್ಕೆ ಅಷ್ಟು ಸಾಕು. ವಿಚಾರಣೆ ಆಮೇಲೆ ನಡೆಯಿತು, ನಡೆಯಲೇಬೇಕಾಗಿತ್ತು, ನಡೆದದ್ದರಿಂದಲೇ ಆ ನಿರ್ಧಾರ ಸರಿಯೆಂದು ತಿಳಿಯಿತು. ತುರ್ತಿನಲ್ಲಿ ಕೈಗೊಂಡ ಕ್ರಮವನ್ನೇ ಸತ್ಯವೆಂದು ಮುದ್ರೆಯೊತ್ತಿ ವಿಚಾರಣೆಯನ್ನು ಕೈಬಿಡುವುದು ಅಪಾಯ.

ಪರಿಶೀಲನೆ ಹೇಗಿರಬಹುದು ಎಂಬುದಕ್ಕೆ ಆ ಶತಮಾನದ ಕೊನೆಯಲ್ಲಿ ನಮ್ಮ ಹತ್ತಿರದಲ್ಲೇ ಒಂದು ಮಾದರಿ ಸಿಗುತ್ತದೆ. ಸೇನಾ ವೈದ್ಯ ರೊನಾಲ್ಡ್ ರಾಸ್ 1895ರಲ್ಲಿ ಬೆಂಗಳೂರಿಗೆ ಬಂದದ್ದು ಇಲ್ಲಿನ ಕಾಲರಾ ಹತೋಟಿಗಾಗಿ. ಅವರ ಮನಸ್ಸೆಲ್ಲ ಇದ್ದದ್ದು ಮಲೇರಿಯಾ ಮತ್ತು ಸೊಳ್ಳೆಯಲ್ಲಿ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ, ಮಲೇರಿಯಾ ರೋಗಿಯ ರಕ್ತ ಹೀರಿದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ವಿಚಿತ್ರವಾದ ಬಣ್ಣದ ಕಣಗಳುಳ್ಳ ಕೋಶಗಳನ್ನು ಅವರು ಕಂಡರು. ಕಂಡದ್ದು ಎರಡೇ ಸೊಳ್ಳೆಗಳಲ್ಲಿ. ಬರಿದೆ ಪ್ರಬಂಧ ಬರೆದು ಕಳಿಸಿ ಸುಮ್ಮನಾಗಲಿಲ್ಲ. ಜೊತೆಯ ಸೇನಾ ವೈದ್ಯ ಸ್ಮಿತ್ ಅವರ ಟಿಪ್ಪಣಿಯನ್ನು ಸೇರಿಸಿದರು. ಸೊಳ್ಳೆಯ ಹೊಟ್ಟೆಯ ಸ್ಲೈಡುಗಳನ್ನೇ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಗೆ ಕಳಿಸಿದರು. ಮ್ಯಾನ್ಸನ್, ಬ್ಲಾಂಡ್-ಸಟನ್, ಥಿನ್ ಮೂವರೂ ಸೂಕ್ಷ್ಮದರ್ಶಕದಲ್ಲಿ ಅವನ್ನು ನೋಡಿದರು. ಡಿಸೆಂಬರ್ 18ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ರಾಸ್ ಅವರ ಪ್ರಬಂಧದ ಕೆಳಗೇ ಇವರ ಅಭಿಪ್ರಾಯಗಳು ಹೆಸರು ಸಮೇತ ಅಚ್ಚಾದವು. ಹ್ಯೂವೆಲ್ ಅರವತ್ತು ವರ್ಷಗಳ ಹಿಂದೆ ಬಯಸಿದ್ದಕ್ಕೆ ಇದು ಬಹಳ ಹತ್ತಿರ. ಪರಿಶೀಲಿಸಿದವರು ಯಾರು, ಏನನ್ನು ಕಣ್ಣಾರೆ ಕಂಡರು, ಎಲ್ಲಿ ಅನುಮಾನಪಟ್ಟರು ಎಂಬುದು ಓದುಗನಿಗೆ ತಿಳಿಯುತ್ತದೆ. ಪ್ರಬಂಧಕ್ಕೆ ಎಷ್ಟು ತೂಕ ಕೊಡಬೇಕೆಂದು ಅವನೇ ನಿರ್ಧರಿಸಬಹುದು.

ಇಂದು ಮೂಲ ಮಾಹಿತಿಯನ್ನು ತೆರೆದಿಟ್ಟು ಮತ್ತೆ ಮಾಡಿ ನೋಡುವುದಕ್ಕೆ ಅಡ್ಡಿಯೆಂದು ಹೇಳುವ ಕಾರಣಗಳು ಎರಡು, ರೋಗಿಗಳ ಗೋಪ್ಯತೆ ಮತ್ತು ಹಣ. ಸ್ನೋ ತಮ್ಮ ಪುಸ್ತಕದ ಕೊನೆಗೆ ಸತ್ತವರ ಪಟ್ಟಿಯನ್ನು ವಿಳಾಸ ಸಹಿತ ಮುದ್ರಿಸಿದ್ದರು. ನಾವು ಹಾಗೆ ಮಾಡುವಂತಿಲ್ಲ, ಮಾಡಬಾರದು. ಆದರೆ ಹೆಸರು ವಿಳಾಸ ತೆಗೆದು, ಸ್ವತಂತ್ರ ಸಂಶೋಧಕರಿಗೆ ಷರತ್ತಿನ ಮೇಲೆ ಮೂಲ ಮಾಹಿತಿ ಕೊಡುವ ವಿಧಾನಗಳು ಈಗ ಬೇಕಾದಷ್ಟಿವೆ. ಕೊಡಲಾಗದ ಮಾಹಿತಿಯ ಮೇಲೆ ನಿಂತ ಪ್ರಬಂಧವನ್ನು ಪ್ರಕಟಿಸುವಾಗ, ಇದನ್ನು ನಾವು ನೋಡಿಲ್ಲ ಎಂದು ಪತ್ರಿಕೆ ಮೊದಲ ಪುಟದಲ್ಲೇ ಬರೆಯಬೇಕು. ಇನ್ನು ಹಣ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಬಡ್ತಿಗೆ ಎಣಿಸುವುದು ಹೊಸ ಪ್ರಬಂಧಗಳನ್ನು. ಬೇರೆಯವರ ಪ್ರಬಂಧವನ್ನು ವರ್ಷಗಟ್ಟಲೆ ಕೂತು ಮರುಪರೀಕ್ಷಿಸಿ, ಅದು ನಿಲ್ಲುತ್ತದೆ ಅಥವಾ ಬೀಳುತ್ತದೆ ಎಂದು ತೋರಿಸಿದ ಯುವ ವೈದ್ಯರಿಗೆ ಸಿಗುವುದು ಅತ್ಯಲ್ಪ. ಸಂಶೋಧನೆಗೆ ಸಾರ್ವಜನಿಕ ಹಣ ಹಂಚುವ ಸಂಸ್ಥೆಗಳು ಅದರ ಒಂದು ಭಾಗವನ್ನು ಮರುಪರೀಕ್ಷೆಗೆಂದೇ ತೆಗೆದಿಡಬೇಕು, ಮತ್ತು ವೈಟ್‌ಹೆಡ್ ಮಾಡಿದಂಥ ಕೆಲಸವನ್ನು ಹೊಸ ಶೋಧಕ್ಕೆ ಸಮನಾಗಿ ಬಡ್ತಿಯಲ್ಲಿ ಎಣಿಸಬೇಕು. ಅಲ್ಲಿಯವರೆಗೆ ವೈದ್ಯಕೀಯ ಸುದ್ದಿ ಬರೆಯುವ ನಾವೆಲ್ಲ, ಪೀರ್ ರಿವ್ಯೂ ಆಗಿದೆ ಎಂದು ಬರೆದ ವಾಕ್ಯದ ಪಕ್ಕದಲ್ಲೇ, ಇದನ್ನು ಬೇರೆ ಯಾರಾದರೂ ಮತ್ತೆ ಮಾಡಿ ನೋಡಿದ್ದಾರೆಯೇ, ಮೂಲ ಮಾಹಿತಿ ಯಾರಿಗಾದರೂ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಬರೆಯಬೇಕು.